ಕಮ್ಮಿ ಪವರ್

ತುಮಕೂರಿನ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯ ಮುಂದೆ ಸರದಿಗಾಗಿ ಕಾಯುತ್ತಿದ್ದ ವಿಶಾಲಾಕ್ಷಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಸಿ.ಎಸ್. ಪುರದ ಪುಟ್ಟರಂಗಯ್ಯ ಎದೆಯ ಎಕ್ಸ್‌ರೇ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದ. ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು.

“ಇಷ್ಟು ಬೇಗ ಆಯ್ತಾ?”

“ಒಂದೇ ಸಲಕ್ಕೆ ಬಂತು ಕಣೆ.”

“ಹೋದ ವರ್ಷ ಎರಡು ಸಲ ತೆಗೆದಿದ್ರಲ್ಲ?”

“ಆವಾಗ ಮೈ ದಪ್ಪ ಇತ್ತು, ಮಿಷನ್ ಪವರ್ ಏರಿಸ್ಬೇಕಾಯ್ತು. ಈಗಿನ ಮೈಗೆ ಕಮ್ಮಿ ಇಟ್ರೆ ಸಾಕಂತೆ.”

ಅವಳ ಕೈ ಗುಂಡಿಯ ಮೇಲೇ ನಿಂತಿತು.

“ಟಿಬಿ ವಾಸಿ ಆಯ್ತು ಅಂದ್ರು ಡಾಕ್ಟ್ರು. ಮೈ ಮಾತ್ರ ವಾಪಸ್ ಬರ್ಲಿಲ್ಲ.”

“ಬರ್ತದೆ ಬುಡು.”

“ಕಾಯಿ ಮೂಟೆ ಹೊತ್ಕೊಂಡು ನೀವು ಬಾಗ್ಲಲ್ಲಿ ನಿಂತ್ರೆ ಅಡುಗೆಮನೆಗೆ ಬೆಳಕೇ ಬರ್ತಿರ್ಲಿಲ್ಲ. ಅತ್ಲಾಗ್ ಸರೀರಿ ಅಂತ ಬೈತಿದ್ದೆ. ಈಗ ಒಂದ್ಸಲ ಹಂಗೆ ನಿಂತ್ಕೊಂಡ್ರೆ ಸಾಕು ಅನ್ನಿಸ್ತದೆ.”

ಎಕ್ಸ್‌ರೇ ತೆಗೆದ ಹುಡುಗಿ ಒಳಗಿನಿಂದ ಬಂದು ಕವರ್ ಕೊಟ್ಟು, “ಆರು ತಿಂಗಳು ಬಿಟ್ಟು ಬನ್ನಿ” ಎಂದಳು.

“ಬರ್ತೀವಿ ಕಣವ್ವ. ಆವಾಗ ನೀನು ಪವರ್ ಏರಿಸ್ಲೇಬೇಕು, ಇವರ್ನ ಹಂಗೆ ಸಾಕ್ಕೊಂಡು ಬರ್ತೀನಿ.”

ಪುಟ್ಟರಂಗಯ್ಯ ನಕ್ಕ. ಅವನ ತೋಳು ಹಿಡಿದುಕೊಂಡೇ ಅವಳು ಮೆಟ್ಟಿಲಿಳಿದಳು.