ಮೂಲೆಯಲ್ಲಿದ್ದ ಸಬ್‌ವೂಫರ್

ಎದುರಿನ ಸ್ಟೀರಿಯೊ ಅಂಗಡಿಯಿಂದ ಹೊರಬಂದ ವಯಸ್ಸಾದ ಹೆಂಗಸು ಮತ್ತು ಅವರ ಅಳಿಯ ಬಸ್ಸಿನ ಸಾಲಿನಲ್ಲಿ ನನ್ನ ಮುಂದೆಯೇ ನಿಂತರು. ಆಕೆ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದರು.

“‘ಅಮ್ಮಾ, ನೀವು ಬಣ್ಣ ನೋಡಿ, ಮಿಕ್ಕಿದ್ದು ಸಾರ್ ನೋಡ್ಕೋತಾರೆ’ ಅಂದನಲ್ಲ ಆ ಅಂಗಡಿಯವನು! ಮೂವತ್ತು ವರ್ಷ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡಿದವಳಿಗೆ!”

“ಅವನಿಗೇನು ಗೊತ್ತು, ಅತ್ತೆ.”

“ನಿಮಗೆ ಗೊತ್ತಿತ್ತಲ್ಲ? ನೀವ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ರಿ?”

ಅಳಿಯ ತಮ್ಮ ಚಪ್ಪಲಿ ನೋಡಿಕೊಂಡರು. “ಅವನು ತೋರಿಸಿದ ದೊಡ್ಡ ಸಬ್‌ವೂಫರ್ ಸ್ಪೀಕರ್ ಚೆನ್ನಾಗೇ ಇತ್ತಲ್ಲ? ಕೂತ ಕುರ್ಚಿನೇ ಅದುರ್ತಿತ್ತು.”

“ಅದೇ ಅದರ ರೋಗ! ನಿಮ್ಮ ಮಾವ ಡೋಲಿಗೆ ಒಂದೇಟು ಹಾಕಿ, ತಕ್ಷಣ ಅಂಗೈ ಒತ್ತಿ ಸದ್ದು ನಿಲ್ಲಿಸೋರು. ಅಲ್ಲಿ ಹಾಕ್ಸಿದ್ದು ನಾನೇ ಮಾಡಿದ ಅವರ ಡೋಲಿನ ರೆಕಾರ್ಡಿಂಗು. ಅವನ ಪೆಟ್ಟಿಗೇಲಿ ಸದ್ದು ನಿಲ್ಲೋದೇ ಇಲ್ಲ, ಗುಂಯ್ ಅಂತ ಎಳೀತಾನೇ ಇರುತ್ತೆ.”

“ಮೂಲೇಲಿದ್ದ ಚಿಕ್ಕದು?”

“ಅದರಲ್ಲಿ ಅವರ ಕೈ ಕೇಳಿಸ್ತು.” ಆಕೆಯ ದನಿ ಇಳಿಯಿತು. “ಅವರು ಹೋದಮೇಲೆ ಇವತ್ತೇ ಅದು ನನ್ನ ಕಿವಿಗೆ ಬಿದ್ದಿದ್ದು. ಅದನ್ನೇ ಕೊಡಪ್ಪಾ ಅಂದ್ರೆ, ನಿಮ್ಮ ಕಡೆ ತಿರುಗಿ ನಕ್ಕ. ನೀವೂ ನಕ್ರಿ!”

ಅಷ್ಟರಲ್ಲಿ ಬಸ್ಸು ಬಂತು. ಆಕೆ ಮೆಟ್ಟಿಲ ಮೇಲೆ ಕಾಲಿಟ್ಟರು. ಅಳಿಯ ಹತ್ತಲಿಲ್ಲ.

“ಇಳೀರಿ ಅತ್ತೆ, ನಂದೇ ತಪ್ಪು. ವಾಪಸ್ ಹೋಗೋಣ. ನೀವ್ಯಾರು ಅಂತ ಅವನಿಗೆ ನಾನೇ ಹೇಳ್ತೀನಿ.”

“ನೀವೇನೂ ಹೇಳ್ಬೇಡಿ. ನಾನೇ ಹೇಳ್ತೀನಿ. ನೀವು ಪೆಟ್ಟಿಗೆ ಹೊರೋಕೆ ಬನ್ನಿ, ಸಾಕು.”

ಇಬ್ಬರೂ ರಸ್ತೆ ದಾಟಿದರು. ಆಕೆ ಎಷ್ಟು ಬಿರುಸಾಗಿ ನಡೆದರೆಂದರೆ, ಅಳಿಯ ಹಿಂದೆ ಓಡಬೇಕಾಯಿತು.