ಮಾವನ ಗೊರಕೆ

ಮೊಣಕಾಲು ನೋವಿಗೆಂದು ಆಸ್ಪತ್ರೆಗೆ ಬಂದಿದ್ದ ಮುದಿ ಮೇಷ್ಟ್ರಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಜಗಳ ಕಿವಿಗೆ ಹಬ್ಬವಾಗಿತ್ತು. ಗಂಡ ಕ್ಷೌರಿಕ. ಡಾಕ್ಟರು ತುಂಬಲು ಕೊಟ್ಟ ಹಾಳೆ ಅವನ ಕೈಯಲ್ಲಿತ್ತು.

“‘ಕುಡಿತದಿಂದ ಎಷ್ಟು ಗುಣವಾಗಿದ್ದೀರಿ? ಹತ್ತಕ್ಕೆ ಅಂಕ ಕೊಡಿ’ ಅಂತಿದೆ ಕಣೇ. ಐದು ಬರೀಲಾ?”

“ಎಂಟು ತಿಂಗಳಿಂದ ಒಂದು ತೊಟ್ಟು ಮುಟ್ಟಿಲ್ಲ. ಐದಂತೆ ಐದು!”

“ಆಸೆ ಇನ್ನೂ ಬರುತ್ತೆ. ಸುಳ್ಳು ಬರೆಯಲ್ಲ.”

“ಇರಲಿ. ನಿನ್ನೆ ನಮ್ಮಪ್ಪನ ಗಡ್ಡ ನುಣ್ಣಗಿತ್ತಲ್ಲ, ಯಾರು ಮಾಡಿದ್ದು?”

“ನಾನೇ.”

“ನೀವಾ? ‘ಕುಡುಕನ ಕೈಗೆ ಕುತ್ತಿಗೆ ಕೊಡಲ್ಲ’ ಅಂತ ಅಪ್ಪ ಆರು ವರ್ಷ ಬೇರೆ ಅಂಗಡಿಗೆ ಹೋಗ್ತಿದ್ರಲ್ಲ!”

“ನಿನ್ನೆ ತಾವಾಗೇ ಬಂದು ಕುರ್ಚಿ ಮೇಲೆ ಕೂತ್ರು. ನೊರೆ ಹಚ್ಚಿದೆ. ಕತ್ತಿ ಗಂಟಲ ಹತ್ರ ಹೋಗೋ ಹೊತ್ತಿಗೆ...”

“ಹೊತ್ತಿಗೆ? ಕೈ ನಡುಗ್ತಾ?”

“ಇಲ್ಲ ಕಣೇ. ಮಾವ ಗೊರಕೆ ಹೊಡೀತಿದ್ರು!”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

“ಕೊಡಿ ಇಲ್ಲಿ ಪೆನ್ನು.”

“ಎಷ್ಟು ಬರೀತೀಯ?”

“ಅಂಕ ಗಿಂಕ ಏನೂ ಇಲ್ಲ. ‘ಮಾವ ಗೊರಕೆ ಹೊಡೆದರು’ ಅಂತ ಬರೀತೀನಿ. ಡಾಕ್ಟರಿಗೆ ಬೇಕಾದ್ರೆ ಅವರೇ ಲೆಕ್ಕ ಹಾಕ್ಕೊಳ್ಳಲಿ.”

ನರ್ಸ್ ಕೂಗಿದಳು. ಇಬ್ಬರೂ ನಗುತ್ತಲೇ ಎದ್ದು ಒಳಗೆ ಹೊರಟರು. ಮೇಷ್ಟ್ರು ತಮ್ಮ ಮೂರು ದಿನದ ಗಡ್ಡ ಸವರಿಕೊಂಡು ಹಿಂದಿನಿಂದ ಕೂಗಿ ಕೇಳಿದರು:

“ಏನಪ್ಪಾ, ನಿನ್ನ ಅಂಗಡಿ ಎಲ್ಲಿ?”