ದ್ವೀಪದಿಂದ ಮೇಷ್ಟ್ರ ಮಗಳ ಫೋನು

"ಹಲೋ... ಯಾರು? ...ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಯಂತ್ರ ತಿರುಗ್ತಿದೆ..."

ಬೇಸಿಗೆ ಕಾಲಿಟ್ಟು ವಾರವಾಗಿತ್ತು. ಕಾಲುವೆಯಾಚೆಯ ಸೂರ್ಯಕಾಂತಿ ಹೊಲಗಳು ಹೂವು ಮುಗಿಸಿ ತಲೆ ಬಗ್ಗಿಸಿದ್ದವು. ಜೇನುಪೆಟ್ಟಿಗೆಗಳು ಎತ್ತಲಾರದಷ್ಟು ಭಾರವಾಗಿದ್ದವು. ಹೆಂಡತಿ ಹೊರಗೆ ಪೆಟ್ಟಿಗೆಗಳಿಂದ ಬಿಚ್ಚಿ ತಂದಿಟ್ಟ, ಜೇನೆರಿ ಕಟ್ಟಿದ ಚೌಕಟ್ಟುಗಳನ್ನು ಜೇನುಗಾರ ಒಳಮನೆಯಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು, ಒಂದೊಂದಾಗಿ ತಗಡಿನ ಡ್ರಮ್ಮಿಗೆ ಇಳಿಬಿಟ್ಟು ಹಿಡಿ ತಿರುಗಿಸುತ್ತಿದ್ದ. ಜೇನು ಸಿಡಿದು ಡ್ರಮ್ಮಿನ ಗೋಡೆಗೆ ಬಡಿದು ಕೆಳಗಿಳಿಯುತ್ತಿತ್ತು. ಹೆಂಡತಿ ಮೂಲೆಯಲ್ಲಿ ಕೂತು, ಬಿಸಿನೀರಲ್ಲಿ ಅದ್ದಿದ ಚಾಕುವಿನಿಂದ ಎರಿಗಳ ಮೇಲಿನ ಮೇಣದ ಪೊರೆ ಸವರಿ ತೆಗೆಯುತ್ತಿದ್ದಳು. ಬೆಳಗಿನಿಂದ ಹದಿನೆಂಟು ಪೆಟ್ಟಿಗೆಯ ಕೆಲಸ ಮುಗಿದಿತ್ತು.

"ಓಹೋ, ಪುಟ್ಟೀನಾ! ...ನಿನ್ನ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಬರ್ತಿದೆಯಲ್ಲೇ... ಹಾಂ, ಈಗ ಪರವಾಗಿಲ್ಲ. ಇದಾಳೆ, ಇಲ್ಲೇ ಕೂತಿದಾಳೆ. ನೀನು ಕೇಳ್ದೆ ಅಂತ ನಿಮ್ಮತ್ತಿಗೆಗೆ ಹೇಳ್ತೀನಿ."

ಮೇಷ್ಟ್ರ ಮಗಳು ಎಂದು ಅವನು ಹೆಂಡತಿಗೆ ತುಟಿಯಲ್ಲೇ ಹೇಳಿದ. ಅವಳ ಮುಖ ಅರಳಿತು. ಹದಿನೈದು ದಿನದ ಕೆಳಗೆ ಪುಟ್ಟಿ ಒಮ್ಮೆ ಫೋನು ಮಾಡಿ ಅವನನ್ನು ಕರೆದಿದ್ದಳು; ಅಂದಿನಿಂದ ಹೆಂಡತಿ ಈ ಫೋನಿಗಾಗಿ ಕಾಯುತ್ತಿದ್ದಳು. ಗಂಡ ವಿಮಾನ ಹತ್ತುವುದನ್ನು ಅಕ್ಕಪಕ್ಕದವರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದಳು.

"ಟಿಕೆಟ್ಟಾ? ...ಆಗ್ಲೇ ಮಾಡಿಸಿಬಿಟ್ಯಾ? ...ಬರೋ ತಿಂಗಳು ಹನ್ನೊಂದಕ್ಕೆ. ...ಅಲ್ಲ, ನಾನಿನ್ನೂ ಪೂರ್ತಿ ಹೂಂ ಅಂದಿರ್ಲಿಲ್ಲ, ಅಲ್ವಾ? ...ಹಾಂ. ...ಹಾಂ, ಅಂದಿದ್ದೆ. ನಿಮ್ಮಪ್ಪನ ಮಂಚದ ಪಕ್ಕ ನಿಂತು ಅಂದಿದ್ದೆ. ಮರೀತೀನೇನೇ?"

ಮರೆಯುವಂಥದ್ದಲ್ಲ ಅದು. ಹತ್ತೊಂಬತ್ತರ ಹರೆಯದಲ್ಲಿ ಯಾವ ಕೆಲಸಕ್ಕೂ ಒಗ್ಗದೆ ತಿರುಗುತ್ತಿದ್ದವನನ್ನು ಮೇಷ್ಟ್ರು ಮನೆಗೆ ಕರೆದು, ನಾಲ್ಕು ವರ್ಷ ಅನ್ನ ಹಾಕಿ, ಜೇನಿನ ವಿದ್ಯೆ ಹೇಳಿಕೊಟ್ಟಿದ್ದರು. ಪ್ರತಿಯಾಗಿ ಒಂದು ಹಿಡಿ ಮೇಣವನ್ನೂ ಮುಟ್ಟಿರಲಿಲ್ಲ. ಸಾಯುವ ಮುನ್ನಾದಿನ ಮಗಳನ್ನು ತೋರಿಸಿ, "ಇವಳು ಯಾವತ್ತಾದ್ರೂ ಕರೆದ್ರೆ ಹೋಗು" ಎಂದಿದ್ದರು, ಅಷ್ಟೇ. ಆ ಮಗಳು ಈಗ ಎಲ್ಲೋ ಸಮುದ್ರದ ನಡುವಿನ ಪುಟ್ಟ ದೇಶವೊಂದರಲ್ಲಿ ಕೃಷಿ ಇಲಾಖೆಯ ಅಧಿಕಾರಿ. ಅಲ್ಲಿ ಬಿರುಗಾಳಿಗೆ ತೋಟಗಳು ನೆಲಕ್ಕೊರಗಿದ ಮೇಲೆ ಅರವತ್ತು ಮನೆಗಳಿಗೆ ಜೇನುಪೆಟ್ಟಿಗೆ ಹಂಚಿದ್ದರು. ಪೆಟ್ಟಿಗೆಗೆ ಹುಳ ತುಂಬಲು ಮಾತ್ರ ಯಾರಿಗೂ ಬಾರದು. ಕಾಡಿನ ಗೂಡುಗಳನ್ನು ಪಂಜು ಹಿಡಿದು ಸುಟ್ಟು ಜೇನು ತೆಗೆದೇ ಅವರಿಗೆ ಅಭ್ಯಾಸ. ಮೇಷ್ಟ್ರಂತೆ ಬರಿಗೈಯಲ್ಲಿ ಗೂಡು ಬಿಡಿಸಿ ಪೆಟ್ಟಿಗೆಗೆ ಕೂರಿಸಬಲ್ಲವನೊಬ್ಬ ಬೇಕಾಗಿತ್ತು. ಮೂರು ತಿಂಗಳ ಮಟ್ಟಿಗೆ.

"ಅಲ್ಲಿ ವರ್ಷಪೂರ್ತಿ ಸೆಕೆನಾ? ...ಚಳಿಗಾಲವೇ ಇಲ್ವಾ? ಅಯ್ಯೋ, ಇವಳು ಸ್ವೆಟರ್ ತೆಗೆದಿಟ್ಟಿದಾಳೆ. ...ಮೂರು ವಿಮಾನ ಬದಲಾಯಿಸ್ಬೇಕಾ? ಆಮೇಲೆ? ...ದೋಣಿ. ದೋಣೀಲಿ ಎಷ್ಟು ಹೊತ್ತು? ...ಐದು ಗಂಟೆ! ...ಹಾಗಾದ್ರೆ ಅಲ್ಲಿಂದ ಆಸ್ಪತ್ರೆಗೂ ಐದು ಗಂಟೇನೇ ಅಲ್ವಾ? ...ಏನಿಲ್ಲ, ಸುಮ್ನೆ ಕೇಳ್ದೆ."

ಹೆಂಡತಿ ಚಾಕು ನಿಲ್ಲಿಸಿ ನೋಡಿದಳು. ಅವನು ಬೇಗ ಬೇಗ ಹಿಡಿ ತಿರುಗಿಸಿದ.

"ಫಾರಮ್ಮಾ? ಈಗ್ಲೇನಾ? ...ನಾಲ್ಕು ಗಂಟೆಗೆ ನಿನ್ನ ಆಫೀಸು ಮುಚ್ಚುತ್ತಾ? ...ಸರಿ, ಕೇಳು. ...ವಯಸ್ಸು ಐವತ್ತೊಂದು. ...ತಾಳು ತಾಳು, ಇವಳು ಬೆರಳು ತೋರಿಸ್ತಿದಾಳೆ. ಐವತ್ನಾಲ್ಕಂತೆ. ಲೆಕ್ಕವೆಲ್ಲ ಅವಳ ಹತ್ರಾನೇ ಇರೋದು. ...ತೂಕ ಎಷ್ಟೇ? ...ಅರವತ್ತೆರಡು. ...ಬಿಪಿ ಇಲ್ಲ. ಸಕ್ಕರೆ ಕಾಯಿಲೆ? ದಿನಾ ಜೇನು ನೆಕ್ಕೋನಿಗೆ ಬರಬೇಕಿತ್ತು, ಬಂದಿಲ್ಲ. ...ಹ್ಞೂಂ. ...ಹ್ಞೂಂ..."

"...ಅದನ್ನ ಬಿಡು, ಮುಂದಿನದು ಕೇಳು. ...ಕೇಳಿಸ್ತು ಕಣೇ. ಅಲರ್ಜಿ ತಾನೇ? ಜೇನುಗಾರನಿಗೆ ಅದನ್ನ ಕೇಳ್ತಾರಾ? ಮೀನಿಗೆ ನೀರು ಒಗ್ಗುತ್ತಾ ಅಂತ ಕೇಳಿದ ಹಾಗಾಯ್ತು. ...ಆಮೇಲೆ ಬರಿ, ಮೊದಲು ಮಿಕ್ಕಿದ್ದು ಮುಗಿಸು."

ಹೇಳುವಾಗ ಅವನ ಎಡಗೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಯಿತು. ಒಂದೂವರೆ ತಿಂಗಳ ಕೆಳಗೆ, ಕಾಲುವೆಯಾಚೆ ಒಬ್ಬನೇ ಇದ್ದಾಗ, ಅಲ್ಲೊಂದು ಹುಳ ಕಚ್ಚಿತ್ತು. ಮೂವತ್ತೈದು ವರ್ಷದಲ್ಲಿ ಸಾವಿರ ಸಲ ಕಚ್ಚಿದ್ದವು. ಒರೆಸಿಕೊಂಡು ಮುಂದಿನ ಪೆಟ್ಟಿಗೆಗೆ ಕೈ ಹಾಕಿದ್ದ. ಆಮೇಲೆ ನಾಲಿಗೆ ದಪ್ಪವಾಗಿ, ಗಂಟಲು ಹಿಡಿದು, ಉಸಿರು ಒಳಗೂ ಹೋಗದೆ ಹೊರಗೂ ಬರದೆ ನೆಲಕ್ಕೆ ಬಿದ್ದದ್ದಷ್ಟೇ ನೆನಪು. ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನ ಡ್ರೈವರು ಎತ್ತಿ ಆಸ್ಪತ್ರೆಗೆ ಹಾಕಿಕೊಂಡು ಹೋಗದಿದ್ದರೆ ಅಂದೇ ಮುಗಿಯುತ್ತಿತ್ತು. ಇಷ್ಟು ವರ್ಷ ಸಹಿಸಿದ ಮೈ ಒಂದು ದಿನ ಹೀಗೆ ತಿರುಗಿಬೀಳುವುದುಂಟು, ಇನ್ನೊಂದು ಸಲ ಕಚ್ಚಿದರೆ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು.

ಮನೆಯಲ್ಲಿ ಅವನು ಬಿಸಿಲಿಗೆ ತಲೆ ಸುತ್ತಿತು, ಬಿದ್ದು ಭುಜ ಉಳುಕಿತು ಎಂದಿದ್ದ. ಡ್ರೈವರನ ಬಾಯಿಯನ್ನೂ ಮುಚ್ಚಿಸಿದ್ದ. ಅಂದಿನಿಂದ, ಆ ಭುಜದ ನೆಪದಲ್ಲಿ, ಪೆಟ್ಟಿಗೆ ತೆರೆಯುವುದು ಹೆಂಡತಿ. ಹೇಳಿದರೆ ಅವಳು ಸಂಜೆಯೊಳಗೆ ಅರವತ್ತೈದು ಪೆಟ್ಟಿಗೆಯನ್ನೂ ಊರಾಚೆ ಸಾಗಿಸುತ್ತಾಳೆ. ಜೇನು ಮುಟ್ಟದ ತಾನು ಮಾರನೆಯ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದು ಅವನಿಗೆ ತೋಚಿರಲಿಲ್ಲ.

"ಹಾಂ, ಕೇಳ್ತಿದೀನಿ. ...ಅಲ್ಲಿನ ಹುಳ ತುಂಬಾ ಸಿಡುಕಾ? ...ಸುಟ್ಟು ಸುಟ್ಟು ಹಾಗೆ ಮಾಡಿಟ್ಟಿದಾರೆ, ಪಾಪ ಅವಾದ್ರೂ ಏನ್ಮಾಡ್ತವೆ. ...ಎಲ್ರೂ ಬರ್ತಾರಾ ನೋಡೋಕೆ? ...ಅರವತ್ತು ಮನೆಯವರೂ? ...ಮುಖಕ್ಕೆ ಬಲೆ ಹಾಕ್ಕೊಂಡ್ರೆ ಆಗಲ್ವಾ? ...ಅದೂ ನಿಜಾನೇ. ಕಲಿಸೋನೇ ಹೆದರಿದ್ರೆ ಕಲಿಯೋರು ಏನಂತಾರೆ. ನಿಮ್ಮಪ್ಪ ಹೇಳ್ತಿದ್ದ ಮಾತೇ..."

ಅಷ್ಟರಲ್ಲಿ ಚೌಕಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡು ಒಳಗೆ ಬಂದಿದ್ದ ಹುಳವೊಂದು ಡ್ರಮ್ಮಿನ ಅಂಚು ಹತ್ತಿತು. ರೆಕ್ಕೆಗೆ ಜೇನು ಮೆತ್ತಿ ಹಾರಲಾರದೆ, ನಡೆದು ಬಂದು ಅವನ ಮಣಿಕಟ್ಟಿನ ಮೇಲೇರಿತು.

ಅವನ ಮಾತು ನಿಂತಿತು. ಫೋನು ಕಿವಿಯಲ್ಲೇ ಇತ್ತು. ಕೈ ಕೊಡವಿದರೆ ಕಚ್ಚುತ್ತದೆಂದು ಅವನಿಗೆ ಗೊತ್ತು, ಕೊಡವಲಿಲ್ಲ. ಆದರೆ ಕೈ ನಡುಗತೊಡಗಿತು.

ಒಂದು ಕಾಲದಲ್ಲಿ ಗಡ್ಡದ ತುಂಬ ಹುಳ ಬಿಟ್ಟುಕೊಂಡು ನಗುತ್ತಾ ನಿಂತವನನ್ನು ನೋಡಿಯೇ ಮದುವೆಗೆ ಒಪ್ಪಿದ ಹೆಂಡತಿ ಚಾಕು ಕೆಳಗಿಟ್ಟಳು. ಎದ್ದು ಬಂದು, ಎರಡು ಬೆರಳಲ್ಲಿ ಹುಳವನ್ನು ರೆಕ್ಕೆಯ ಬಳಿ ಹಿಡಿದೆತ್ತಿ, ಬಾಗಿಲು ತೆರೆದು ಹೊರಗೆ ಬಿಟ್ಟು, ಬಾಗಿಲು ಮುಚ್ಚಿದಳು. ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು.

"ಭುಜಕ್ಕಲ್ವಾ ರೀ ನಿಮಗೆ ಆಗಿದ್ದು?" ಎಂದಳು.

"...ಹಲೋ. ಇದೀನಿ, ಇದೀನಿ ಪುಟ್ಟಿ. ...ಇಲ್ಲ, ಲೈನು ಹೋಗಿರ್ಲಿಲ್ಲ, ನಾನೇ ಸುಮ್ನಾಗಿದ್ದೆ. ...ಬಿಟ್ಟ ಪ್ರಶ್ನೆನಾ? ...ಹಾಂ. ...ಅದಕ್ಕೆ ಇಲ್ಲ ಅಂತ ಬರ್ಕೊಂಡುಬಿಟ್ಯಾ? ...ಅದನ್ನ ಹೊಡೆದುಹಾಕು. ...ತಮಾಷೆ ಅಲ್ಲಮ್ಮ."

ಅವನು ಹೆಂಡತಿಯ ಮುಖ ನೋಡಲಿಲ್ಲ. ಡ್ರಮ್ಮಿನ ತಳದಲ್ಲಿ ನಿಂತಿದ್ದ ಜೇನನ್ನು ನೋಡುತ್ತಾ ಹೇಳಿದ.

"ಪುಟ್ಟಿ, ನಾನು ಬರಲ್ಲ."

"...ಅಲ್ಲ, ತಾಳು, ಬೈಬೇಡ. ಪೂರ್ತಿ ಕೇಳು. ನಿಮ್ಮಪ್ಪನಿಗೆ ಕೊಟ್ಟ ಮಾತು ಇವತ್ತಿಗೂ ನನ್ನ ತಲೆ ಮೇಲೇ ಇದೆ. ಟಿಕೆಟ್ಟಿನ ಬಗ್ಗೆ ಆಮೇಲೆ ಮಾತಾಡೋಣ. ಒಂದೂವರೆ ತಿಂಗಳಾಯ್ತು, ಒಂದು ಹುಳ ಕಚ್ತು ಕಣೇ. ಒಂದೇ ಒಂದು. ಗಂಟಲು ಕಟ್ಕೊಂಡುಬಿಡ್ತು. ಆಸ್ಪತ್ರೆಗೆ ಹಾಕಿದ್ರು. ಇನ್ನೊಂದು ಕಚ್ಚಿದ್ರೆ ಉಳಿಯೋದು ಕಷ್ಟ ಅಂದ್ರು ಡಾಕ್ಟರು. ಯಾರಿಗೂ ಹೇಳಿರ್ಲಿಲ್ಲ, ಇವಳಿಗೂ ಹೇಳಿರ್ಲಿಲ್ಲ. ಹದಿನೈದು ದಿನದಿಂದ ನೀನು ಫೋನ್ ಮಾಡದೇ ಇದ್ರೆ ಸಾಕಪ್ಪಾ ಅಂತ ಕೂತಿದ್ದೆ. ನಾಚಿಕೆಗೆಟ್ಟೋನು ಅನ್ನು, ಪರವಾಗಿಲ್ಲ. ಆದ್ರೆ ನಿಮ್ಮಪ್ಪನ ಶಿಷ್ಯ ಅಲ್ಲಿ ನೂರು ಜನರೆದುರು ಕೈ ನಡುಗಿಸ್ತಾ ನಿಂತ್ಕೊಂಡ್ರೆ, ಇಲ್ಲ ಅಲ್ಲೇ ಬಿದ್ದು ಸತ್ರೆ, ಆ ಜನ ಇನ್ಯಾವತ್ತಾದ್ರೂ ಪೆಟ್ಟಿಗೆ ಮುಟ್ತಾರಾ ಹೇಳು? ಮತ್ತೆ ಪಂಜೇ ಹಿಡೀತಾರೆ, ಅಲ್ವಾ? ...ಪುಟ್ಟಿ? ಅಲ್ವಾ?"

"...ಹಲೋ?"

"ಹಲೋ... ಪುಟ್ಟಿ, ಇದೀಯಾ? ...ಹಲೋ?"

ಫೋನನ್ನು ಕಿವಿಯಿಂದ ತೆಗೆದು ನೋಡಿದ. ಲೈನು ಕಡಿದುಹೋಗಿತ್ತು. ಅವಳೇ ಇಟ್ಟಳೋ, ತಾನಾಗಿಯೇ ಹೋಯಿತೋ; ಹೋದದ್ದು ಕೊನೆಯ ಮಾತಿಗೋ, ಹುಳ ಕಚ್ಚಿದ್ದನ್ನು ಹೇಳುವ ಮೊದಲೋ, ತಿಳಿಯುವ ದಾರಿಯಿರಲಿಲ್ಲ. ಅವಳ ಆಫೀಸಿನ ನಂಬರಿಗೆ ಇಲ್ಲಿಂದ ಮಾಡಿದರೆ ಯಾವತ್ತೂ ಹೋಗುತ್ತಿರಲಿಲ್ಲ. ಆದರೂ ಎರಡು ಸಲ ಒತ್ತಿದ. ಎರಡು ಸಲವೂ ಬರಿಯ ಗೊರಗೊರ.

"ಎಲ್ಲಿವರೆಗೆ ಕೇಳಿಸ್ಕೊಂಡ್ಳೋ ಗೊತ್ತಾಗ್ಲಿಲ್ಲ" ಎಂದ, ಯಾರಿಗೋ ಎಂಬಂತೆ.

"ನಾನು ಪೂರ್ತಿ ಕೇಳಿಸ್ಕೊಂಡೆ" ಎಂದಳು ಬಾಗಿಲ ಬಳಿಯಿಂದ ಹೆಂಡತಿ. ಅವಳು ಅಲ್ಲಿಂದ ಕದಲಲಿಲ್ಲ.